ಆಸ್ಪತ್ರೆಯಲ್ಲೇ ಬಂದ ನ್ಯುಮೋನಿಯಾ: ರಕ್ತದ ರಿಪೋರ್ಟ್ ಮುಂದಿನದನ್ನು ಎಷ್ಟು ಹೇಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಐಸಿಯು ಬಾಗಿಲಲ್ಲಿ ನಿಂತವರು ಕೇಳಿದ್ದು, ರಾತ್ರಿ ಹನ್ನೊಂದಕ್ಕೆ ರಿಪೋರ್ಟಿನ ಫೋಟೋ ಜೊತೆ ವಾಟ್ಸಾಪ್‌ಗೆ ಬಂದದ್ದು, ರೌಂಡ್ಸ್‌ನಲ್ಲಿ ನರ್ಸ್‌ಗಳೂ ಪಿಜಿ ವಿದ್ಯಾರ್ಥಿಗಳೂ ಕೇಳಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಮೊದಲಿನವು ಮನೆಯವರಿಗೆ, ಕೊನೆಯವು ಈ ಕೆಲಸದಲ್ಲೇ ಇರುವವರಿಗೆ. ಚಿಕಿತ್ಸೆಯ ತೀರ್ಮಾನ ರೋಗಿಯನ್ನು ಕಣ್ಣಾರೆ ನೋಡುತ್ತಿರುವ ಡಾಕ್ಟರದ್ದೇ. ಅವರ ಜೊತೆ ಕೂತು ಮಾತಾಡುವಾಗ ಕೆಲಸಕ್ಕೆ ಬರಲಿ ಅಂತ ಇದನ್ನು ಬರೆದಿದ್ದೇನೆ.

## ಮೊದಲು ಕೇಳುವುದು

ಅಮ್ಮನಿಗೆ ಸೊಂಟದ ಮೂಳೆ ಮುರಿದಿತ್ತು ಅಷ್ಟೇ. ಈಗ ನ್ಯುಮೋನಿಯಾ ಅಂತಿದ್ದಾರೆ. ಇದು ಎಲ್ಲಿಂದ ಬಂತು?

ಆಸ್ಪತ್ರೆಗೆ ಸೇರಿ 48 ಗಂಟೆ ಕಳೆದ ಮೇಲೆ ಶುರುವಾಗಿ, ಸೇರುವಾಗ ಅದರ ಸುಳಿವೂ ಇರದಿದ್ದರೆ ಅದನ್ನು ಆಸ್ಪತ್ರೆಯಲ್ಲಿ ಬಂದ ನ್ಯುಮೋನಿಯಾ ಅನ್ನುತ್ತೇವೆ. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಿ 48 ಗಂಟೆ ಆದ ಮೇಲೆ ಬಂದರೆ ಅದು ವೆಂಟಿಲೇಟರ್ ನ್ಯುಮೋನಿಯಾ. ಮಲಗಿದಲ್ಲೇ ಮಲಗಿರುವಾಗ, ನೋವಿನಿಂದ ಜೋರಾಗಿ ಕೆಮ್ಮಲು ಆಗದಿದ್ದಾಗ, ಬಾಯಿಯ ಎಂಜಲು ಗೊತ್ತೇ ಆಗದಂತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಆ ಎಂಜಲಿನಲ್ಲಿ ಆಸ್ಪತ್ರೆಯ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತವೆ. ನಮ್ಮ ದೇಶದ ಐಸಿಯುಗಳಲ್ಲಿ ಹೆಚ್ಚಾಗಿ ಕಾಣುವುದು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್. ಇವು ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗುವುದಿಲ್ಲ. ಮನೆಯವರು ಏನೋ ತಪ್ಪು ಮಾಡಿದ್ದರಿಂದ ಬಂತು ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಬಯೋಮಾರ್ಕರ್ ಅಂದ್ರೆ ಏನು? ಹೊಸ ಟೆಸ್ಟಾ?

ದೇಹದೊಳಗೆ ನಡೆಯುತ್ತಿರುವುದನ್ನು ಅಳೆದು ತೋರಿಸುವ ಯಾವ ವಸ್ತುವಾದರೂ ಬಯೋಮಾರ್ಕರ್. ಶುಗರ್ ಕೂಡ ಒಂದು ಬಯೋಮಾರ್ಕರ್. ನ್ಯುಮೋನಿಯಾ ವಿಷಯದಲ್ಲಿ ಹೆಚ್ಚು ಕೇಳಿಬರುವುದು ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೊಟೀನ್) ಮತ್ತು ಪ್ರೊಕ್ಯಾಲ್ಸಿಟೋನಿನ್. ಎರಡನೆಯದನ್ನು ಎಲ್ಲರೂ ಪಿಸಿಟಿ ಅನ್ನುತ್ತಾರೆ. ಇವು ಬ್ಯಾಕ್ಟೀರಿಯಾವನ್ನು ಅಳೆಯುವುದಿಲ್ಲ. ಬ್ಯಾಕ್ಟೀರಿಯಾ ಬಂದಾಗ ನಮ್ಮ ದೇಹ ಎಷ್ಟು ಗಲಾಟೆ ಎಬ್ಬಿಸಿದೆ ಅನ್ನುವುದನ್ನು ಅಳೆಯುತ್ತವೆ. ಇದೊಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಗಲಾಟೆಗೆ ಬೇರೆ ಕಾರಣವೂ ಇರಬಹುದು. ಸುಸ್ತಾದ ದೇಹ ಗಲಾಟೆ ಮಾಡದೆಯೂ ಇರಬಹುದು.

ಸಿಆರ್‌ಪಿನೂ ಸೋಂಕಿಗೆ, ಪಿಸಿಟಿನೂ ಸೋಂಕಿಗೆ. ಮತ್ತೆ ಎರಡೂ ಯಾಕೆ?

ಹುಟ್ಟುವ ಜಾಗ ಬೇರೆ, ಏರಿಳಿಯುವ ವೇಗ ಬೇರೆ.

ಸಿಆರ್‌ಪಿ ಸಿಕ್ಕಿದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ತೆಗೆದ 'ಸಿ' ಅನ್ನುವ ಅಂಶವನ್ನು ರೋಗಿಗಳ ಸೀರಮ್ ಜೊತೆ ಬೆರೆಸಿದರು. ಕಾಯಿಲೆ ಜೋರಾಗಿದ್ದಾಗ ಅದು ಗರಣೆ ಕಟ್ಟಿತು. ರೋಗಿ ಚೇತರಿಸಿಕೊಂಡ ಮೇಲೆ ಕಟ್ಟಲಿಲ್ಲ. ನನಗೆ ಈ ಕಥೆ ತುಂಬಾ ಇಷ್ಟ. ಚೇತರಿಕೆ ಅಂದರೆ ಇಳಿತ ಅನ್ನುವುದು ಮೊದಲ ಪ್ರಯೋಗದಲ್ಲೇ ಕಣ್ಣಿಗೆ ಬಿದ್ದಿತ್ತು ಅಲ್ವಾ! ಸಿಆರ್‌ಪಿಯನ್ನು ತಯಾರಿಸುವುದು ಲಿವರ್. ಅದಕ್ಕೆ ಅಪ್ಪಣೆ ಕೊಡುವುದು ಇಂಟರ್‌ಲ್ಯೂಕಿನ್-6 ಅನ್ನುವ ಸಂದೇಶವಾಹಕ. ಏರಿ ತುದಿ ಮುಟ್ಟಲು ಸುಮಾರು ಎರಡು ದಿನ ಬೇಕು. ತಯಾರಿ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ಪಿಸಿಟಿ ಮಾಮೂಲಿಯಾಗಿ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾಲ್ಸಿಟೋನಿನ್ ಹಾರ್ಮೋನಿನ ಹಿಂದಿನ ರೂಪವಾಗಿ ಇರುತ್ತದೆ. ರಕ್ತಕ್ಕೆ ಬರುವುದು ತೀರಾ ಕಡಿಮೆ. ಬ್ಯಾಕ್ಟೀರಿಯಾದ ದೊಡ್ಡ ಸೋಂಕಿನಲ್ಲಿ ದೇಹದ ಬೇರೆ ಬೇರೆ ಅಂಗಗಳೂ ಇದನ್ನು ತಯಾರಿಸಲು ಶುರುಮಾಡುತ್ತವೆ. ಸೋಂಕಿಗೂ ಇದಕ್ಕೂ ಇರುವ ಈ ನಂಟನ್ನು ಫ್ರಾನ್ಸಿನ ವೈದ್ಯರು 1993ರಲ್ಲಿ ತೋರಿಸಿಕೊಟ್ಟರು. ಪಿಸಿಟಿ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಸೋಂಕು ಹತೋಟಿಗೆ ಬಂದರೆ ಸುಮಾರು ದಿನಕ್ಕೊಮ್ಮೆ ಅರ್ಧ ಆಗುತ್ತದೆ. ವೈರಸ್ ಸೋಂಕಿನಲ್ಲಿ ಸಾಮಾನ್ಯವಾಗಿ ಅಷ್ಟಾಗಿ ಏರುವುದಿಲ್ಲ.

ನಿನ್ನೆ ಸಿಆರ್‌ಪಿ 21 ಇತ್ತು, ಇವತ್ತು 196! ಒಂದೇ ರಾತ್ರೀಲಿ ಹೀಗಾಗುತ್ತಾ?

ಮೊದಲು ಯೂನಿಟ್ ನೋಡಿ. ಒಬ್ಬ ಮಗ ಪಾಕೆಟ್ ಡೈರಿಯಲ್ಲಿ ತಂದೆಯ ನಂಬರ್‌ಗಳನ್ನೆಲ್ಲ ಬರೆದುಕೊಂಡು ಬಂದಿದ್ದರು. ನೀಲಿ ಪೆನ್ನಿನಲ್ಲಿ 21.4, ಅದರ ಕೆಳಗೆ ಎರಡು ಗೆರೆ ಎಳೆದು 196. ತೋರಿಸುವಾಗ ಅವರ ಬೆರಳು ನಡುಗುತ್ತಿತ್ತು. ಮೊದಲ ರಿಪೋರ್ಟ್ ಬೇರೆ ಲ್ಯಾಬಿನದು. ಅದರಲ್ಲಿ ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಲೆಕ್ಕ. ಎರಡನೆಯದರಲ್ಲಿ ಮಿಲಿಗ್ರಾಂ ಪ್ರತಿ ಲೀಟರ್. ಒಂದು ಲೀಟರ್ ಅಂದರೆ ಹತ್ತು ಡೆಸಿಲೀಟರ್. ಹಾಗಾಗಿ ಮೊದಲನೆಯದು ನಿಜಕ್ಕೂ 214. ತಂದೆಯ ಸಿಆರ್‌ಪಿ ಇಳಿದಿತ್ತು, ಮಗ ಇಡೀ ರಾತ್ರಿ ನಿದ್ದೆ ಮಾಡಿರಲಿಲ್ಲ.

ಲೀಟರ್ ಲೆಕ್ಕದಲ್ಲಿ ಆರೋಗ್ಯವಂತರ ಸಿಆರ್‌ಪಿ ಸಾಮಾನ್ಯವಾಗಿ 5ರಿಂದ 10ರ ಒಳಗೆ. ಪಿಸಿಟಿಯನ್ನು ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಆರೋಗ್ಯವಂತರಲ್ಲಿ ಅದು 0.1ಕ್ಕಿಂತ ಕಡಿಮೆ. ಆದಷ್ಟು ಒಂದೇ ಲ್ಯಾಬಿನ ನಂಬರ್‌ಗಳನ್ನು ಮಾತ್ರ ಒಂದರ ಪಕ್ಕ ಒಂದಿಟ್ಟು ಹೋಲಿಸಿ.

ಅಪ್ಪನ ಸಿಆರ್‌ಪಿ 220 ಇದೆ ಡಾಕ್ಟ್ರೇ. ಉಳೀತಾರಾ?

ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಆ ಒಂದು ನಂಬರ್ ನೋಡಿ ಯಾರೂ ಉತ್ತರ ಹೇಳಲಾರರು. ನಾನೂ ಹೇಳಲಾರೆ. 300 ದಾಟಿದವರು ನಡೆದುಕೊಂಡು ಮನೆಗೆ ಹೋಗಿದ್ದನ್ನು ನೋಡಿದ್ದೇನೆ. 90 ಇದ್ದವರು ಉಳಿಯದೆ ಹೋಗಿದ್ದನ್ನೂ ನೋಡಿದ್ದೇನೆ.

ಉಳಿಯುವುದು ಹಲವು ವಿಷಯಗಳ ಮೇಲೆ ನಿಂತಿದೆ. ವಯಸ್ಸು, ಮೊದಲಿನಿಂದ ಇರುವ ಕಾಯಿಲೆಗಳು, ಎಷ್ಟು ಆಕ್ಸಿಜನ್ ಬೇಕಾಗುತ್ತಿದೆ, ಬಿಪಿ ತಾನಾಗೇ ನಿಲ್ಲುತ್ತಿದೆಯಾ ಇಲ್ಲ ಔಷಧಿ ಬೇಕಾ, ಕಿಡ್ನಿ ಕೆಲಸ ಮಾಡುತ್ತಿದೆಯಾ, ಕೊಟ್ಟ ಆಂಟಿಬಯಾಟಿಕ್ ಆ ಬ್ಯಾಕ್ಟೀರಿಯಾಗೆ ತಾಗುತ್ತದೆಯಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ರಕ್ತದ ನಂಬರ್ ಇವುಗಳ ಜೊತೆ ಸೇರಿದಾಗ ಮಾತಾಡುತ್ತದೆ. ಅದೂ ಮೂರು ನಾಲ್ಕು ದಿನದ ನಂಬರ್‌ಗಳು ಸಾಲಾಗಿ ಕೈಯಲ್ಲಿದ್ದಾಗ. ಹಾಗಾಗಿ 'ಎಷ್ಟಿದೆ' ಅಂತ ಕೇಳುವ ಜೊತೆಗೆ 'ಮೊದಲ ದಿನಕ್ಕೆ ಹೋಲಿಸಿದರೆ ಯಾವ ಕಡೆ ಹೋಗುತ್ತಿದೆ' ಅಂತಲೂ ಕೇಳಿ. ಡಾಕ್ಟರೂ ಆಗ ಬಿಚ್ಚಿ ಹೇಳುತ್ತಾರೆ.

## ದಿನ ದಿನದ ಲೆಕ್ಕ

ಮೂರು ನಾಲ್ಕು ದಿನ ಕಾಯಬೇಕು ಅಂತೀರಲ್ಲ, ಅದಕ್ಕೆ ಆಧಾರ ಏನು?

ಪೋರ್ಚುಗಲ್‌ನ ಪೆಡ್ರೊ ಪೊವೊವಾ ಮತ್ತು ಜೊತೆಗಾರರು ವೆಂಟಿಲೇಟರ್ ನ್ಯುಮೋನಿಯಾ ಬಂದ 47 ಜನರ ಸಿಆರ್‌ಪಿಯನ್ನು ದಿನಾ ಅಳೆದು 2005ರಲ್ಲಿ ಪ್ರಕಟಿಸಿದರು. ಆಂಟಿಬಯಾಟಿಕ್ ಶುರುವಾದ 4ನೇ ದಿನಕ್ಕೆ ಉಳಿದವರ ಸಿಆರ್‌ಪಿ ಮೊದಲ ದಿನದ ಸುಮಾರು 0.6 ಪಟ್ಟಿಗೆ ಇಳಿದಿತ್ತು. ತೀರಿಕೊಂಡವರಲ್ಲಿ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಅವರು ನಾಲ್ಕು ಬಗೆಯ ದಾರಿ ಗುರುತಿಸಿದರು: ಬೇಗ ಇಳಿಯುವುದು, ನಿಧಾನವಾಗಿ ಇಳಿಯುವುದು, ಇಳಿಯದೇ ಇರುವುದು, ಇಳಿದು ಮತ್ತೆ ಏರುವುದು. ಮೊದಲ ಎರಡು ದಾರಿಯವರು ಚೆನ್ನಾಗಿ ಚೇತರಿಸಿಕೊಂಡರು. ಕೊನೆಯ ಎರಡರಲ್ಲಿ ಬಹಳ ಜನ ಉಳಿಯಲಿಲ್ಲ.

ಅದೇ ವರ್ಷ ಫ್ರಾನ್ಸಿನಲ್ಲಿ ಲುಯ್ಟ್ ಮತ್ತು ಜೊತೆಗಾರರು 63 ರೋಗಿಗಳಲ್ಲಿ 1, 3 ಮತ್ತು 7ನೇ ದಿನದ ಪಿಸಿಟಿ ನೋಡಿದರು. ಸ್ಥಿತಿ ಕೆಟ್ಟವರಲ್ಲಿ ಮೂರೂ ದಿನ ಪಿಸಿಟಿ ಜಾಸ್ತಿಯೇ ಇತ್ತು. ಇವೆರಡೂ ಚಿಕ್ಕ ಅಧ್ಯಯನಗಳು. ಆದರೆ ಇಳಿತವೇ ಒಳ್ಳೆಯ ಸೂಚನೆ ಅನ್ನುವ ಮಾತು ಆಮೇಲಿನ ಕೆಲಸಗಳಲ್ಲೂ ಮತ್ತೆ ಮತ್ತೆ ಬಂದಿದೆ.

ನಿಧಾನವಾಗಿ ಇಳಿದರೂ ಪರವಾಗಿಲ್ಲ ಅನ್ನುವುದನ್ನು ಗಮನಿಸಿ. ಪಕ್ಕದ ಬೆಡ್‌ನವರದ್ದು ಅರ್ಧ ಆಯ್ತು, ನಮ್ಮವರದ್ದು ಆಗಲಿಲ್ಲ ಅಂತ ಕೊರಗುವವರು ತುಂಬಾ ಜನ ಇದ್ದಾರೆ.

ಆಂಟಿಬಯಾಟಿಕ್ ಕೊಟ್ಟು ಒಂದು ದಿನ ಆಯ್ತು, ಸಿಆರ್‌ಪಿ ಇನ್ನೂ ಏರಿದೆ. ಔಷಧಿ ಕೆಲಸ ಮಾಡ್ತಿಲ್ವಾ?

ಸಿಆರ್‌ಪಿ ಸುಮಾರು ಎರಡು ದಿನ ಹಿಂದೆ ಇರುತ್ತದೆ. ಇವತ್ತಿನ ನಂಬರ್ ಮೊನ್ನೆಯ ಗಲಾಟೆಯ ಸುದ್ದಿ ಹೇಳುತ್ತಿರಬಹುದು. ಒಂದು ದಿನದ ಏರಿಕೆ ನೋಡಿ ಔಷಧಿ ಬದಲಿಸುವುದು ಆತುರ. ರೋಗಿಯ ಆಕ್ಸಿಜನ್, ಬಿಪಿ ಅದೇ ಹೊತ್ತಿಗೆ ಕುಸಿಯುತ್ತಿದ್ದರೆ ಮಾತು ಬೇರೆ. ಆಗ ಸಿಆರ್‌ಪಿಗೆ ಕಾಯುತ್ತಾ ಯಾರೂ ಕೂರುವುದಿಲ್ಲ.

ದಿನಾ ಇಷ್ಟಿಷ್ಟು ರಕ್ತ ತೆಗೀತಾರೆ, ಬೇಕಾ ಇದು?

ಕೇಳಬೇಕಾದ ಪ್ರಶ್ನೆಯೇ. ಒಂದು ಟ್ಯೂಬಿಗೆ ಕೆಲವೇ ಮಿಲಿಲೀಟರ್ ಆದರೂ ವಾರಗಟ್ಟಲೆ ಐಸಿಯುನಲ್ಲಿ ಇರುವವರಿಗೆ ಅದೆಲ್ಲ ಸೇರಿ ರಕ್ತ ಕಡಿಮೆ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ದಿನ, 3 ಅಥವಾ 4ನೇ ದಿನ, 7ನೇ ದಿನ ಸಿಆರ್‌ಪಿ ಇಲ್ಲವೇ ಪಿಸಿಟಿ ಸಾಕು. ಎರಡರಲ್ಲಿ ಒಂದನ್ನು ಹಿಡಿದು ಅದನ್ನೇ ಮುಂದುವರಿಸಿ. ಆಂಟಿಬಯಾಟಿಕ್ ನಿಲ್ಲಿಸುವ ತೀರ್ಮಾನಕ್ಕೆ ಪಿಸಿಟಿ ಬಳಸುತ್ತಿದ್ದರೆ ಮಾತ್ರ ಆ ಹೊತ್ತಿನಲ್ಲಿ ದಿನಾ ನೋಡಲು ಅರ್ಥ ಇದೆ.

ಲ್ಯಾಕ್ಟೇಟ್ ಅಂತ ಎರಡೆರಡು ಗಂಟೆಗೆ ನೋಡ್ತಿದ್ದಾರೆ. ಅದೇನು?

ಜೀವಕೋಶಗಳು ಸಕ್ಕರೆ ಒಡೆದಾಗ ಹುಟ್ಟುವ ವಸ್ತು ಲ್ಯಾಕ್ಟೇಟ್. ಸಿಆರ್‌ಪಿ ದಿನಗಳ ಲೆಕ್ಕ, ಲ್ಯಾಕ್ಟೇಟ್ ಗಂಟೆಗಳ ಲೆಕ್ಕ. ಸೋಂಕಿನ ಹೊಡೆತಕ್ಕೆ ರಕ್ತ ಸಂಚಾರ ಹದಗೆಟ್ಟರೆ ಇದು ಏರುತ್ತದೆ. ಸಾಕಷ್ಟು ದ್ರವ ಕೊಟ್ಟ ಮೇಲೂ ಬಿಪಿ ನಿಲ್ಲಿಸಲು ಔಷಧಿ ಬೇಕಾಗಿ, ಜೊತೆಗೆ ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ದಾಟಿದ್ದರೆ ಅದನ್ನು ಸೆಪ್ಟಿಕ್ ಶಾಕ್ ಅನ್ನುತ್ತಾರೆ. 2016ರ ವ್ಯಾಖ್ಯೆ ಅದು. ಆ ಗುಂಪಿನಲ್ಲಿ ಆಸ್ಪತ್ರೆಯಲ್ಲೇ ತೀರಿಕೊಳ್ಳುವವರು 100ಕ್ಕೆ 40ಕ್ಕಿಂತ ಜಾಸ್ತಿ. ಚಿಕಿತ್ಸೆ ಶುರುವಾದ ಮೇಲೆ ಲ್ಯಾಕ್ಟೇಟ್ ಇಳಿಯುತ್ತಾ ಬಂದರೆ ನಮಗೆ ಸ್ವಲ್ಪ ಉಸಿರು ಬರುತ್ತದೆ.

ನರ್ಸ್‌ಗಳಿಗೆ ಒಂದು ಮಾತು. ರಕ್ತ ತೆಗೆದ ಮೇಲೆ ಸ್ಯಾಂಪಲ್ ಟ್ರೇಯಲ್ಲಿ ಸುಮ್ನೆ ಬಿದ್ದಿದ್ದರೆ ಟ್ಯೂಬಿನೊಳಗಿನ ರಕ್ತಕಣಗಳೇ ಲ್ಯಾಕ್ಟೇಟ್ ತಯಾರಿಸುತ್ತಾ ಹೋಗುತ್ತವೆ. ಬೂದು ಮುಚ್ಚಳದ ಟ್ಯೂಬಿನಲ್ಲಿ ಇದನ್ನು ತಡೆಯಲೆಂದೇ ಫ್ಲೋರೈಡ್ ಇರುತ್ತದೆ. ಎಬಿಜಿ ಸಿರಿಂಜ್ ಆದರೆ ಕೈಯಲ್ಲಿ ಹಿಡಿದುಕೊಂಡೇ ಮಷಿನ್‌ಗೆ ಹೋಗಬೇಕು. ಪದೇ ಪದೇ ಸಾಲ್‌ಬ್ಯುಟಮಾಲ್ ನೆಬ್ಯುಲೈಸೇಷನ್ ಕೊಡುತ್ತಿದ್ದರೂ ಲ್ಯಾಕ್ಟೇಟ್ ಏರಬಹುದು. ಅದನ್ನೂ ಚಾರ್ಟಿನಲ್ಲಿ ಬರೆಯಿರಿ.

ಮಾಮೂಲಿ ಟೆಸ್ಟ್‌ಗಳು, ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಇವೆಲ್ಲ, ಏನೂ ಹೇಳಲ್ವಾ?

ತುಂಬಾ ಹೇಳುತ್ತವೆ. ಹೆಸರು ಹಳೆಯದು ಅಂತ ಜನ ಗಮನಿಸುವುದಿಲ್ಲ ಅಷ್ಟೇ. ಐಸಿಯುನಲ್ಲಿ ಸೋಫಾ ಸ್ಕೋರ್ ಅಂತ ಒಂದು ಲೆಕ್ಕ ಇದೆ. ಅದರಲ್ಲಿ ಆರು ಅಂಗವ್ಯವಸ್ಥೆಗಳಿಗೆ ಅಂಕ ಕೊಡುತ್ತೇವೆ. ಅವುಗಳಲ್ಲಿ ಮೂರು ವ್ಯವಸ್ಥೆಗಳ ಅಂಕ ಬರುವುದು ಇಂಥ ಮಾಮೂಲಿ ಟೆಸ್ಟ್‌ಗಳಿಂದಲೇ: ರಕ್ತ ಹೆಪ್ಪುಗಟ್ಟುವಿಕೆಗೆ ಪ್ಲೇಟ್‌ಲೆಟ್, ಲಿವರ್‌ಗೆ ಬಿಲಿರುಬಿನ್, ಕಿಡ್ನಿಗೆ ಕ್ರಿಯಾಟಿನಿನ್. ಪ್ಲೇಟ್‌ಲೆಟ್ ದಿನದಿನಕ್ಕೂ ಇಳಿಯುತ್ತಾ ಕ್ರಿಯಾಟಿನಿನ್ ಏರುತ್ತಿದ್ದರೆ ಸೋಂಕು ಶ್ವಾಸಕೋಶ ದಾಟಿ ಇಡೀ ದೇಹವನ್ನು ಹಿಡಿದಿದೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಆಲ್ಬುಮಿನ್ ಕಡಿಮೆ ಇದ್ದರೆ ದೇಹದ ದಾಸ್ತಾನು ಖಾಲಿಯಾಗಿದೆ, ಉರಿಯೂತವೂ ಜೋರಾಗಿದೆ ಅನ್ನುವ ಸೂಚನೆ. ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ (ಎರಡೂ ಬಿಳಿ ರಕ್ತಕಣಗಳೇ) ಭಾಗಿಸಿದರೆ ಬರುವ ಅನುಪಾತವೂ ಕೆಲಸಕ್ಕೆ ಬರುತ್ತದೆ. ಅದಕ್ಕೆ ಬೇರೆ ಖರ್ಚಿಲ್ಲ, ಸಿಬಿಸಿ ರಿಪೋರ್ಟಿನಲ್ಲೇ ಎರಡೂ ಇರುತ್ತವೆ. ಸ್ಟಿರಾಯ್ಡ್ ಕೊಟ್ಟರೆ ಈ ಅನುಪಾತ ತಾನಾಗೇ ಏರುತ್ತದೆ ಅನ್ನುವುದು ನೆನಪಿರಲಿ.

## ನಂಬರ್ ದಾರಿ ತಪ್ಪಿಸುವಾಗ

ಸೋಂಕೇ ಇಲ್ಲದೆ ಪಿಸಿಟಿ ಏರಬಹುದಾ?

ಏರಬಹುದು. ದೊಡ್ಡ ಆಪರೇಷನ್, ಅಪಘಾತದ ದೊಡ್ಡ ಗಾಯ, ಸುಟ್ಟ ಗಾಯ, ಹೃದಯ ನಿಂತು ಮತ್ತೆ ಶುರುವಾದದ್ದು, ಥೈರಾಯ್ಡಿನ ಒಂದು ಬಗೆಯ ಕ್ಯಾನ್ಸರ್, ಹೀಗೆ ಹಲವು ಕಾರಣ ಇವೆ. ಕಿಡ್ನಿ ಕೆಲಸ ನಿಂತವರಲ್ಲಿ ಮೊದಲಿನಿಂದಲೇ ಸ್ವಲ್ಪ ಜಾಸ್ತಿ ಇರುತ್ತದೆ. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಬರುವುದೂ ಹೆಚ್ಚಾಗಿ ಇಂಥವರಿಗೇ. ಗೊಂದಲ ಹುಟ್ಟುವುದೇ ಅಲ್ಲಿ. ಆಪರೇಷನ್ ಆದ ಮೇಲಿನ ಏರಿಕೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಮುಖವಾಗುತ್ತದೆ. ಇಳಿದದ್ದು ಮತ್ತೆ ತಲೆ ಎತ್ತಿದರೆ ಹುಡುಕಬೇಕು.

ಸಿಆರ್‌ಪಿ ಕಡಿಮೆನೇ ಇದೆ, ಆದ್ರೂ ಮಾವ ಸುಧಾರಿಸ್ತಿಲ್ಲ. ಯಾಕೆ?

ಲಿವರ್ ಸಿರೋಸಿಸ್ ಇದ್ದರೆ ಸಿಆರ್‌ಪಿ ತಯಾರಿಸುವ ಕಾರ್ಖಾನೆಯೇ ಸೊರಗಿರುತ್ತದೆ. ಸ್ಟಿರಾಯ್ಡ್ ಕೊಟ್ಟರೂ ಸಿಆರ್‌ಪಿ ತಗ್ಗುತ್ತದೆ. ಟೋಸಿಲಿಜುಮ್ಯಾಬ್ ಅನ್ನುವ ಔಷಧಿ ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ಮುಚ್ಚುತ್ತದೆ. ಹಾಗಾಗಿ ಸೋಂಕು ಉರಿಯುತ್ತಿದ್ದರೂ ಸಿಆರ್‌ಪಿ ನೆಲ ಕಚ್ಚಿರಬಹುದು. ಕೋವಿಡ್ ಸಮಯದಲ್ಲಿ ಇವೆರಡೂ ಔಷಧಿ ಪಡೆದವರಲ್ಲಿ ಆಮೇಲೆ ಬಂದ ಆಸ್ಪತ್ರೆಯ ನ್ಯುಮೋನಿಯಾವನ್ನು ಹಿಡಿಯುವುದು ಇದರಿಂದಲೇ ಕಷ್ಟವಾಗಿತ್ತು.

ಇಳೀತಾ ಇತ್ತು, ಐದನೇ ದಿನ ಮತ್ತೆ ಏರಿತು. ಏನರ್ಥ?

ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುವ ಸೂಚನೆ ಇದು. ಒಬ್ಬರ ಸಿಆರ್‌ಪಿ 240ರಿಂದ 110ಕ್ಕೆ ಇಳಿದು ಮತ್ತೆ 170 ಆಯಿತು. ಜ್ವರ ಇರಲಿಲ್ಲ, ಬಿಪಿ ಸರಿಯಿತ್ತು. ಎದೆಯ ಬಲಗಡೆ ಬೆರಳಿನಿಂದ ತಟ್ಟಿದಾಗ ಕೆಳಗೆ ಮಂದ ಶಬ್ದ. ಅಲ್ಟ್ರಾಸೌಂಡ್ ಇಟ್ಟು ನೋಡಿದರೆ ಶ್ವಾಸಕೋಶದ ಹೊರಗೆ ಕಪ್ಪು ಪಟ್ಟಿ, ಅದರೊಳಗೆ ಬಲೆಯಂಥ ಎಳೆಗಳು. ಸೂಜಿ ಹಾಕಿದಾಗ ಬಂದದ್ದು ಗಟ್ಟಿ ಕೀವು. ಟ್ಯೂಬ್ ಹಾಕಿ ಕೀವು ತೆಗೆದ ಮೇಲೆ ಸಿಆರ್‌ಪಿ ಮತ್ತೆ ಇಳಿಯಿತು. ಆಂಟಿಬಯಾಟಿಕ್ ಬದಲಿಸಲೇ ಇಲ್ಲ.

ಎಲ್ಲರಲ್ಲೂ ಕೀವೇ ಇರುತ್ತದೆ ಅಂತಲ್ಲ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಟ್ಯೂಬ್) ಸೋಂಕು, ಮೂತ್ರದ ಸೋಂಕು, ಹೊಸ ಬ್ಯಾಕ್ಟೀರಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎಲ್ಲವನ್ನೂ ನೋಡಬೇಕು. ನಂಬರ್ 'ಹುಡುಕು' ಅನ್ನುತ್ತದೆ. ಎಲ್ಲಿ ಅಂತ ಹೇಳುವುದಿಲ್ಲ.

## ಆಂಟಿಬಯಾಟಿಕ್ ತೀರ್ಮಾನ

ಪಿಸಿಟಿ ಕಡಿಮೆ ಇದ್ರೆ ಆಂಟಿಬಯಾಟಿಕ್ ಶುರು ಮಾಡದೆ ಕಾಯಬಹುದಾ?

ಆಸ್ಪತ್ರೆಯಲ್ಲಿ ಬಂದ ನ್ಯುಮೋನಿಯಾ ಅಂತ ಗಟ್ಟಿ ಅನುಮಾನ ಇದ್ದರೆ ಬೇಡ. ಅಮೆರಿಕದ 2016ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಶುರು ಮಾಡುವ ತೀರ್ಮಾನ ರೋಗಿಯ ಲಕ್ಷಣ ಮತ್ತು ಪರೀಕ್ಷೆಯ ಮೇಲೆ ಇರಲಿ, ಪಿಸಿಟಿ ಅಥವಾ ಸಿಆರ್‌ಪಿಗೆ ಕಾಯಬೇಡಿ. ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಟೆಸ್ಟ್) ಕಫ, ರಕ್ತ ತೆಗೆದು ಔಷಧಿ ಶುರು ಮಾಡಬೇಕು.

ಹಾಗಾದ್ರೆ ನಿಲ್ಲಿಸೋದಕ್ಕೆ?

ಪಿಸಿಟಿ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ನೆದರ್ಲೆಂಡ್ಸ್‌ನಲ್ಲಿ 1,500ಕ್ಕೂ ಹೆಚ್ಚು ಐಸಿಯು ರೋಗಿಗಳ ಮೇಲೆ ನಡೆದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಪಿಸಿಟಿ ತುದಿಯಿಂದ 80% ಇಳಿದರೆ ಅಥವಾ 0.5ಕ್ಕೆ ಬಂದರೆ ಆಂಟಿಬಯಾಟಿಕ್ ನಿಲ್ಲಿಸಬಹುದು ಅಂತ ಡಾಕ್ಟರಿಗೆ ಸಲಹೆ ಹೋಗುತ್ತಿತ್ತು. ಆಂಟಿಬಯಾಟಿಕ್ ದಿನಗಳು 7ರಿಂದ 5ಕ್ಕೆ ಇಳಿದವು. 28 ದಿನದೊಳಗಿನ ಸಾವೂ ಸುಮಾರು 25%ರಿಂದ 20%ಕ್ಕೆ ಇಳಿಯಿತು. ಬ್ರಿಟನ್ನಿನ 41 ಐಸಿಯುಗಳ 2,760 ರೋಗಿಗಳಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2024ರ ಕೊನೆಗೆ ಬಂತು. ಅಲ್ಲಿ ದಿನಾ ಪಿಸಿಟಿ ನೋಡಿದಾಗ ಆಂಟಿಬಯಾಟಿಕ್ ಬಳಕೆ ಸುಮಾರು ಒಂದು ದಿನ ಕಡಿಮೆಯಾಯಿತು, ಸುರಕ್ಷತೆಗೂ ಧಕ್ಕೆ ಬರಲಿಲ್ಲ. ಸಿಆರ್‌ಪಿ ನೋಡಿ ಮಾಡಿದಾಗ ಅಂಥ ಉಳಿತಾಯ ಕಾಣಲಿಲ್ಲ.

ಹೆಚ್ಚಿನವರಿಗೆ 7 ದಿನ ಸಾಕು ಅನ್ನುವುದು ಈಗಾಗಲೇ ಮಾರ್ಗಸೂಚಿಯಲ್ಲಿದೆ. 7 ದಿನಕ್ಕೆ ಹೇಗೂ ನಿಲ್ಲಿಸುವ ಐಸಿಯುನಲ್ಲಿ ಪಿಸಿಟಿಯಿಂದ ಸಿಗುವ ಲಾಭ ಚಿಕ್ಕದು. 14 ದಿನ ಎಳೆಯುವ ಕಡೆ ದೊಡ್ಡದು.

ಪಿಸಿಟಿ ಏರಿದ ತಕ್ಷಣ ದೊಡ್ಡ ಆಂಟಿಬಯಾಟಿಕ್‌ಗೆ ಹೋದ್ರೆ ಜೀವ ಉಳಿಯಲ್ವಾ?

ಡೆನ್ಮಾರ್ಕಿನಲ್ಲಿ 1,200 ಐಸಿಯು ರೋಗಿಗಳಲ್ಲಿ ಇದನ್ನೇ ಮಾಡಿ ನೋಡಿದರು. ಫಲಿತಾಂಶ ಬಂದದ್ದು 2011ರಲ್ಲಿ. ಸಾವು ಕಡಿಮೆಯಾಗಲಿಲ್ಲ. ದೊಡ್ಡ ಆಂಟಿಬಯಾಟಿಕ್ ಬಳಕೆ ಜಾಸ್ತಿಯಾಯಿತು, ವೆಂಟಿಲೇಟರ್ ಮೇಲಿನ ದಿನಗಳೂ ಜಾಸ್ತಿಯಾದವು. ಮುಂದೇನಾಗುತ್ತದೆ ಅಂತ ಹೇಳುವ ನಂಬರ್ ಸಿಕ್ಕಿದ ಮಾತ್ರಕ್ಕೆ ಅದನ್ನು ಬದಲಿಸುವ ಔಷಧಿಯೂ ಸಿಕ್ಕಂತಲ್ಲ. ಪಿಜಿ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಪೂರ್ತಿ ಓದಲೇಬೇಕು ಅಂತ ನಾನು ಒತ್ತಾಯ ಮಾಡುತ್ತೇನೆ.

## ಇನ್ನಷ್ಟು ಆಳಕ್ಕೆ

ಪ್ರೊಅಡ್ರೆನೊಮೆಡ್ಯುಲಿನ್, ಕೊಪೆಪ್ಟಿನ್ ಅಂತೆಲ್ಲ ಓದಿದೆ. ಇವು ಸಿಆರ್‌ಪಿಗಿಂತ ಚೆನ್ನಾಗಿವೆಯಾ?

ಸಾವಿನ ಅಪಾಯ ಅಂದಾಜು ಮಾಡುವುದರಲ್ಲಿ ಹಲವು ಅಧ್ಯಯನಗಳಲ್ಲಿ ಚೆನ್ನಾಗಿ ಕಂಡಿವೆ. ಕಾರಣ ಸರಳ: ಇವು ಸೋಂಕಿಗಿಂತ ಹೆಚ್ಚಾಗಿ ದೇಹ ಪಡುತ್ತಿರುವ ಕಷ್ಟವನ್ನು ಅಳೆಯುತ್ತವೆ. ಅಡ್ರೆನೊಮೆಡ್ಯುಲಿನ್ ರಕ್ತನಾಳ ಹಿಗ್ಗಿಸುವ ಹಾರ್ಮೋನು, 1993ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು. ಅದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಅದರ ಜೊತೆಗೇ ಹುಟ್ಟುವ, ಗಟ್ಟಿಯಾಗಿ ಉಳಿಯುವ ನಡುವಿನ ತುಂಡನ್ನು ಅಳೆಯುತ್ತಾರೆ. ಕೊಪೆಪ್ಟಿನ್ ಕೂಡ ಹಾಗೆಯೇ, ವಾಸೊಪ್ರೆಸಿನ್ ಹಾರ್ಮೋನಿನ ಜೊತೆ ಹುಟ್ಟುವ ತುಂಡು. ಬ್ರೆಜಿಲ್‌ನ ವೈದ್ಯರು ವೆಂಟಿಲೇಟರ್ ನ್ಯುಮೋನಿಯಾದಲ್ಲಿ ತೀರಿಕೊಂಡವರ ಕೊಪೆಪ್ಟಿನ್ ಜಾಸ್ತಿ ಇದ್ದದ್ದನ್ನು ತೋರಿಸಿದ್ದಾರೆ. ಮೊನೊಸೈಟ್ ಅನ್ನುವ ಬಿಳಿ ರಕ್ತಕಣಗಳ ಮೇಲಿನ ಎಚ್‌ಎಲ್‌ಎ-ಡಿಆರ್ ಅನ್ನುವ ಪ್ರೊಟೀನ್ ಕಡಿಮೆಯಾದರೆ ರೋಗನಿರೋಧಕ ಶಕ್ತಿ ಕುಗ್ಗಿದೆ, ಹೊಸ ಸೋಂಕಿನ ಅಪಾಯ ಇದೆ ಅಂತ ಅರ್ಥ. ನಮ್ಮ ಹೆಚ್ಚಿನ ಆಸ್ಪತ್ರೆಗಳಲ್ಲಿ ಇವ್ಯಾವುವೂ ದಿನನಿತ್ಯದ ಟೆಸ್ಟ್ ಅಲ್ಲ. ಇಲ್ಲ ಅಂತ ರೋಗಿಗೆ ಏನೋ ತಪ್ಪಿಹೋಯಿತು ಅಂದುಕೊಳ್ಳಬೇಕಿಲ್ಲ.

ಪೇಪರ್‌ನಲ್ಲಿ ಎಯುಸಿ 0.75 ಅಂತ ಇದ್ರೆ ಒಳ್ಳೇ ಟೆಸ್ಟ್ ಅಂತಾನಾ?

ಎಯುಸಿ ಅಂದರೆ ತೀರಿಕೊಳ್ಳುವವರನ್ನೂ ಉಳಿಯುವವರನ್ನೂ ಟೆಸ್ಟ್ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅನ್ನುವ ಅಳತೆ. ಹೀಗೆ ಯೋಚಿಸಿ. ತೀರಿಕೊಂಡವರಲ್ಲಿ ಒಬ್ಬರು, ಉಳಿದವರಲ್ಲಿ ಒಬ್ಬರು, ಹೀಗೆ 100 ಜೋಡಿ ಮಾಡಿದಿರಿ. 75 ಜೋಡಿಗಳಲ್ಲಿ ತೀರಿಕೊಂಡವರ ನಂಬರ್ ಜಾಸ್ತಿ ಇತ್ತು, 25ರಲ್ಲಿ ಉಲ್ಟಾ. ನಾಣ್ಯ ಚಿಮ್ಮಿದರೂ 50 ಸರಿ ಬರುತ್ತದೆ. ಗುಂಪಿನ ಮಟ್ಟದಲ್ಲಿ 0.75 ಉಪಯುಕ್ತವೇ. ಆದರೆ ಬೆಡ್ ಮೇಲೆ ಮಲಗಿರುವ ಒಬ್ಬರ ಬಗ್ಗೆ ಭರವಸೆ ಕೊಡಲೂ, ಕೈ ಚೆಲ್ಲಲೂ ಅದು ಸಾಲದು. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಸೋಫಾ ಸ್ಕೋರ್, ವಯಸ್ಸು ಗೊತ್ತಿದ್ದ ಮೇಲೂ ಈ ಟೆಸ್ಟ್ ಹೊಸದೇನಾದರೂ ಸೇರಿಸಿತಾ? ಎಷ್ಟೋ ಮಾರ್ಕರ್‌ಗಳು ಸೋಲುವುದು ಇಲ್ಲೇ.

ಇಷ್ಟೆಲ್ಲ ಇದ್ದೂ ಯುರೋಪಿನ ಮಾರ್ಗಸೂಚಿ ಇವನ್ನು ರೊಟೀನ್ ಆಗಿ ಮಾಡಬೇಡಿ ಅನ್ನುತ್ತಲ್ಲ?

2017ರ ಯುರೋಪಿನ ಮಾರ್ಗಸೂಚಿ ಹೇಳುವುದು ಇಷ್ಟು: 72ರಿಂದ 96 ಗಂಟೆ ಹೊತ್ತಿಗೆ ರೋಗಿಯ ಸ್ಥಿತಿ ಅಂದಾಜು ಮಾಡಲು, ಬೆಡ್ ಪಕ್ಕದ ಪರೀಕ್ಷೆಯ ಜೊತೆಗೆ ಬಯೋಮಾರ್ಕರ್‌ಗಳನ್ನೂ ಎಲ್ಲರಿಗೂ ವಾಡಿಕೆಯಂತೆ ಮಾಡಬೇಕಿಲ್ಲ. ಆಕ್ಸಿಜನ್ ಬೇಡಿಕೆ ಇಳಿದು, ಕಫ ಕಡಿಮೆಯಾಗಿ, ಬಿಪಿ ಔಷಧಿ ಬಿಟ್ಟವರಿಗೆ ಸಿಆರ್‌ಪಿ ಹೊಸದಾಗಿ ಏನು ಹೇಳೀತು? ನಾನು ಇದನ್ನು ಒಪ್ಪುತ್ತೇನೆ. ಆದರೆ ಅನುಮಾನ ಇರುವ ರೋಗಿಯಲ್ಲಿ, ಸುಧಾರಿಸುತ್ತಿದ್ದಾರಾ ಇಲ್ವಾ ಅಂತ ಮೂವರು ಡಾಕ್ಟರು ಮೂರು ರೀತಿ ಹೇಳುವಾಗ, 1ನೇ ಮತ್ತು 4ನೇ ದಿನದ ನಂಬರ್ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ನಮ್ಮದು ತಾಲ್ಲೂಕು ಮಟ್ಟದ ಆಸ್ಪತ್ರೆ. ಪಿಸಿಟಿ ಸಿಗಲ್ಲ. ಏನು ಮಾಡೋದು ಸರ್?

ಸಿಬಿಸಿ, ಕ್ರಿಯಾಟಿನಿನ್, ಬಿಲಿರುಬಿನ್, ಸಿಆರ್‌ಪಿ ಇಷ್ಟಿದ್ದರೆ ಒಳ್ಳೆಯ ಶುರು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ದಿನವಾರು ಬರೆಯಿರಿ. ಅದೇ ಹಾಳೆಯಲ್ಲಿ ಉಸಿರಾಟದ ಲೆಕ್ಕ, ಎಷ್ಟು ಲೀಟರ್ ಆಕ್ಸಿಜನ್‌ನಲ್ಲಿ ಎಷ್ಟು ಸ್ಯಾಚುರೇಷನ್, 24 ಗಂಟೆಯ ಮೂತ್ರ, ಗೊಂದಲದ ಮಾತು ಇದೆಯಾ ಅನ್ನುವುದೂ ಇರಲಿ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಅಂದಾಜಿಗೆ 20 ಅಂತ ಬರೆಯಬೇಡಿ. ಪ್ಲೇಟ್‌ಲೆಟ್ ಇಳಿದು, ಕ್ರಿಯಾಟಿನಿನ್ ಏರಿ, ಆಕ್ಸಿಜನ್ ಜಾಸ್ತಿ ಬೇಕಾಗುತ್ತಿದ್ದರೆ 4ನೇ ದಿನದ ಸಿಆರ್‌ಪಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕಳಿಸಿ. ಕಳಿಸುವಾಗ ಆ ಹಾಳೆಯ ಪ್ರತಿಯನ್ನು ಆಂಬುಲೆನ್ಸ್‌ನಲ್ಲಿ ಹೋಗುವವರ ಕೈಗೇ ಕೊಡಿ. ಅಲ್ಲಿ ನೋಡುವವರಿಗೆ ನಿಮ್ಮ ಮೊದಲ ದಿನದ ಸಿಆರ್‌ಪಿ ಬೇಕೇ ಬೇಕು. ಅದನ್ನು ಅವರು ಇನ್ನೊಮ್ಮೆ ಅಳೆಯಲು ಆಗುವುದಿಲ್ಲ.